ನಾಲ್ಕು ಸಿಲಿಂಡರ್ ಕೊಂಡು ಎರಡರಲ್ಲಿ ಓಡಿಸೋದು: ಈ ಮೈಲೇಜ್ ಲೆಕ್ಕ ಯಾರಿಗೆ ಕೂಡುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಕಾರಿನ ಎಂಜಿನ್ ಬಗ್ಗೆ. ಹೆದರ್ಕೋಬೇಡಿ, ನಂದು ಬಿ.ಕಾಂ., ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಲ್ಲ. ಹಾಗಾಗಿ ಎಂಜಿನ್ನನ್ನೂ ನಾನು ಲೆಕ್ಕದ ಪುಸ್ತಕ ನೋಡಿದ ಹಾಗೇ ನೋಡೋದು. ಎಷ್ಟು ಹಾಕಿದ್ವಿ, ಎಷ್ಟು ಕೆಲಸ ಬಂತು, ಮಧ್ಯೆ ಎಷ್ಟು ಸೋರಿಹೋಯ್ತು, ಅಷ್ಟೇ.

ಮೊದಲು ಒಂದು ಸಂಖ್ಯೆ ಕೇಳಿ. 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಇರೋ ಒಂದು ಮಧ್ಯಮ ಗಾತ್ರದ ಕಾರಿನ ಬ್ರೋಶರ್‌ನಲ್ಲಿ ಸುಮಾರು 150 ಹಾರ್ಸ್‌ಪವರ್ ಅಂತ ಬರೆದಿರುತ್ತೆ. ಅದೇ ಕಾರು ಸಮತಟ್ಟಾದ ಹೈವೇಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗ್ತಾ ಇರುವಾಗ ಅದಕ್ಕೆ ಎಷ್ಟು ಬೇಕು ಗೊತ್ತಾ? ಸುಮಾರು 10ರಿಂದ 15 ಹಾರ್ಸ್‌ಪವರ್. ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಓವರ್‌ಟೇಕ್ ಮಾಡೋಕೆ, ಘಾಟಿ ಹತ್ತೋಕೆ ಅಂತ ಕಾಯ್ತಾ ಕೂತಿರುತ್ತೆ.

ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ಇದರ ಹೆಸರು ಗೊತ್ತು, ಐಡಲ್ ಕೆಪ್ಯಾಸಿಟಿ. ಸುಮ್ಮನೆ ಕೂತ ಮೆಷಿನ್ನಿಗೂ ಖರ್ಚಿದೆ ಅನ್ನೋದು ಆ ಪಾಠ. ಪೆಟ್ರೋಲ್ ಎಂಜಿನ್‌ನಲ್ಲಿ ಆ ಖರ್ಚು ನೇರವಾಗಿ ಬಂಕ್‌ನಲ್ಲಿ ನಿಮ್ಮ ಜೇಬಿಂದ ಹೋಗುತ್ತೆ. ಅದನ್ನ ಕಮ್ಮಿ ಮಾಡೋಕೆ ಬಂದಿರೋ ಒಂದು ದಾರಿ ಸಿಲಿಂಡರ್ ಡಿಆ್ಯಕ್ಟಿವೇಶನ್. ಅಂದ್ರೆ ಬೇಡದಿದ್ದಾಗ ಕೆಲವು ಸಿಲಿಂಡರ್‌ಗಳನ್ನ ಮಲಗಿಸೋದು.

ಈ ವಿಷಯ ಈಗ ಯಾಕೆ ಅಂದ್ರೆ, ನಿಮ್ಮ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾ ಇದೆ. ಮೊದಲ ಕಾರು ತಗೊಳ್ತಿದೀನಿ, ಲೋನ್ ಮಾಡಿ. ಶೋರೂಂನವರು "ಸರ್, ಇದು ಎರಡೇ ಸಿಲಿಂಡರ್‌ನಲ್ಲೂ ಓಡುತ್ತೆ, ಮೈಲೇಜ್ ಚೆನ್ನಾಗಿದೆ, ದೊಡ್ಡ ಎಂಜಿನ್ನೇ ತಗೊಳ್ಳಿ" ಅಂತಾರೆ. ಜಾಸ್ತಿ ದುಡ್ಡು ಕೊಡಬಹುದಾ? ಉತ್ತರ ಕೊಡೋ ಮುಂಚೆ ಇದು ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳೋಣ. ಗೊತ್ತಿಲ್ಲದೆ ಲೆಕ್ಕ ಹಾಕಿದ್ರೆ ಶೋರೂಂನವರ ಲೆಕ್ಕವೇ ನಮ್ಮ ಲೆಕ್ಕ ಆಗ್ಬಿಡುತ್ತೆ.

ನಾವು ಆ್ಯಕ್ಸಿಲರೇಟರ್ ತುಳಿಯೋದನ್ನ "ಪೆಟ್ರೋಲ್ ಕೊಡೋದು" ಅಂತೀವಿ. ನಿಜವಾಗಿ ನಾವು ತೆಗೆಯೋದು ಗಾಳಿಯ ಬಾಗಿಲು. ಅದರ ಹೆಸರು ಥ್ರಾಟಲ್. ಗಾಳಿ ಎಷ್ಟು ಒಳಗೆ ಬಂತು ಅಂತ ಅಳೆದು, ಅದಕ್ಕೆ ಸರಿಯಾಗಿ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುತ್ತೆ. ಒಂದು ಗ್ರಾಂ ಪೆಟ್ರೋಲ್‌ಗೆ ಸುಮಾರು 14.7 ಗ್ರಾಂ ಗಾಳಿ. ಈ ಅನುಪಾತ ಇದ್ರೇನೇ ಸೈಲೆನ್ಸರ್ ದಾರಿಯಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನ ಸರಿಯಾಗಿ ಶುದ್ಧ ಮಾಡೋದು. ಹಾಗಾಗಿ ಶಕ್ತಿ ಕಮ್ಮಿ ಸಾಕು ಅಂದಾಗ ಪೆಟ್ರೋಲ್ ಮಾತ್ರ ಕಮ್ಮಿ ಮಾಡೋಕಾಗಲ್ಲ, ಗಾಳಿಯನ್ನೂ ಕಮ್ಮಿ ಮಾಡ್ಬೇಕು. ಅಂದ್ರೆ ಬಾಗಿಲು ಹೆಚ್ಚುಕಮ್ಮಿ ಮುಚ್ಚಬೇಕು.

ಸಮಸ್ಯೆ ಇಲ್ಲೇ ಇದೆ. ಎಳನೀರಿಗೆ ಸ್ಟ್ರಾ ಹಾಕಿ, ಸ್ಟ್ರಾನ ಬೆರಳಲ್ಲಿ ಒತ್ತಿ ಹಿಡಿದು ಹೀರಿ ನೋಡಿ. ಬಾಯಿ ನೋಯುತ್ತೆ, ಬರೋದು ನಾಲ್ಕು ಹನಿ. ಬಾಗಿಲು ಮುಚ್ಚಿದಾಗ ಪಿಸ್ಟನ್ ಮಾಡೋದೂ ಇದನ್ನೇ. ಕೆಳಗೆ ಇಳೀತಾ ಗಾಳಿ ಎಳೆಯೋಕೆ ಹೋಗುತ್ತೆ, ಗಾಳಿ ಬರಲ್ಲ, ನಿರ್ವಾತದ ವಿರುದ್ಧ ಜಗ್ಗಾಡುತ್ತೆ. ಆ ಜಗ್ಗಾಟಕ್ಕೂ ಪೆಟ್ರೋಲೇ ಖರ್ಚು. ಎಂಜಿನಿಯರ್‌ಗಳು ಇದಕ್ಕೆ ಪಂಪಿಂಗ್ ಲಾಸ್ ಅಂತಾರೆ. ಡೀಸೆಲ್ ಎಂಜಿನ್‌ನಲ್ಲಿ ಗಾಳಿ ತಡೆದು ಶಕ್ತಿ ಕಮ್ಮಿ ಮಾಡೋ ಪದ್ಧತಿ ಇಲ್ಲ, ಡೀಸೆಲ್ ಎಷ್ಟು ಚಿಮ್ಮಿಸ್ತೀವಿ ಅನ್ನೋದರ ಮೇಲೇ ಶಕ್ತಿ ನಿರ್ಧಾರ ಆಗುತ್ತೆ. ಡೀಸೆಲ್ ಮೈಲೇಜ್ ಜಾಸ್ತಿ ಇರೋದಕ್ಕೆ ಇದೂ ಒಂದು ಕಾರಣ.

ಈಗ ಮಧ್ಯಾಹ್ನ ಮೂರು ಗಂಟೆಗೆ ಒಂದು ದರ್ಶಿನಿ ಅಡುಗೆಮನೆಗೆ ಬನ್ನಿ. ನಾಲ್ಕು ದೋಸೆ ಕಾವಲಿ ಇದೆ, ಗಿರಾಕಿ ಇಬ್ಬರು. ನಾಲ್ಕೂ ಕಾವಲಿ ಸಣ್ಣ ಉರಿಯಲ್ಲಿಟ್ಟು ದೋಸೆ ಹುಯ್ದರೆ ಗ್ಯಾಸೂ ಹಾಳು, ದೋಸೆಯೂ ಮೆತ್ತಗೆ. ಅನುಭವ ಇರೋ ಭಟ್ಟರು ಎರಡನ್ನ ಆರಿಸಿ, ಇನ್ನೆರಡನ್ನ ಚೆನ್ನಾಗಿ ಕಾಯಿಸ್ತಾರೆ. ಸಂಜೆ ಜನ ಬಂದಾಗ ನಾಲ್ಕೂ ಹಚ್ಚಿದ್ರಾಯ್ತು.

ಸಿಲಿಂಡರ್ ಡಿಆ್ಯಕ್ಟಿವೇಶನ್ ಇಷ್ಟೇ. ಎರಡು ಸಿಲಿಂಡರ್ ಮಲಗಿದ್ರೆ, ಉಳಿದ ಎರಡು ಅಷ್ಟೇ ಕೆಲಸ ಮಾಡ್ಬೇಕಲ್ಲ? ಅವಕ್ಕೆ ಒಂದೊಂದಕ್ಕೂ ಹೆಚ್ಚು ಗಾಳಿ ಬೇಕು. ಹಾಗಾಗಿ ಥ್ರಾಟಲ್ ಬಾಗಿಲು ದೊಡ್ಡದಾಗಿ ತೆರೆಯುತ್ತೆ. ಸ್ಟ್ರಾ ಮೇಲಿದ್ದ ಬೆರಳು ಸಡಿಲ ಆಯ್ತು. ಜಗ್ಗಾಟ ಕಮ್ಮಿ, ಪೆಟ್ರೋಲ್ ಉಳಿತಾಯ. ಉಳಿಯೋ ದುಡ್ಡಿನ ದೊಡ್ಡ ಪಾಲು ಬರೋದು ಹೀಗೆ ಕೆಲಸ ಮಾಡ್ತಿರೋ ಎರಡು ಸಿಲಿಂಡರ್ ಇನ್ನೂ ಚೆನ್ನಾಗಿ ಕೆಲಸ ಮಾಡೋದರಿಂದ. "ಅರ್ಧ ಸಿಲಿಂಡರ್ ಆಫ್, ಹಾಗಾದ್ರೆ ಪೆಟ್ರೋಲೂ ಅರ್ಧ" ಅನ್ನೋ ಲೆಕ್ಕ ತಪ್ಪಾಗೋದು ಇದಕ್ಕೇ.

ಇಲ್ಲಿ ಒಂದು ಸಂಶಯ ಬರುತ್ತೆ. ಮಲಗಿಸೋದು ಅಂದ್ರೆ ಆ ಎರಡಕ್ಕೆ ಪೆಟ್ರೋಲ್ ಕಟ್ ಮಾಡಿದ್ರೆ ಸಾಲದಾ? ಸಾಲದು. ವಾಲ್ವ್‌ಗಳು ತೆರೆದು ಮುಚ್ತಾ ಇದ್ರೆ ಆ ಸಿಲಿಂಡರ್ ಗಾಳಿ ಎಳೆದು ಹೊರಗೆ ದಬ್ತಾನೇ ಇರುತ್ತೆ, ಜಗ್ಗಾಟ ಹಾಗೇ ಉಳಿಯುತ್ತೆ. ಮೇಲಿಂದ, ಸುಡದ ತಣ್ಣಗಿನ ಗಾಳಿ ಸೈಲೆನ್ಸರ್ ದಾರಿಗೆ ಹೋಗಿ ಕನ್ವರ್ಟರ್ ತಣ್ಣಗಾಗುತ್ತೆ, ಆಮ್ಲಜನಕದ ಸೆನ್ಸರ್‌ಗೆ ಲೆಕ್ಕ ತಪ್ಪುತ್ತೆ. ಅದಕ್ಕೇ ಗಾಳಿ ಬರೋ ವಾಲ್ವ್, ಹೊಗೆ ಹೋಗೋ ವಾಲ್ವ್, ಎರಡನ್ನೂ ಮುಚ್ಚಿಬಿಡ್ತಾರೆ. ಒಳಗಿದ್ದ ಅನಿಲ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಪಿಸ್ಟನ್ ಮೇಲೆ ಬಂದಾಗ ಅದನ್ನ ಒತ್ತುತ್ತೆ, ಕೆಳಗೆ ಹೋಗುವಾಗ ಅದು ವಾಪಸ್ ತಳ್ಳುತ್ತೆ. ಸೈಕಲ್ ಪಂಪ್‌ನ ತುದಿಯನ್ನ ಬೆರಳಲ್ಲಿ ಮುಚ್ಚಿ ಹ್ಯಾಂಡಲ್ ಒತ್ತಿಬಿಟ್ರೆ ಪುಟಿದು ಬರುತ್ತಲ್ಲ, ಹಾಗೆ. ಕೊಟ್ಟ ಶಕ್ತಿಯಲ್ಲಿ ಹೆಚ್ಚಿನದು ವಾಪಸ್ ಸಿಗುತ್ತೆ.

ಇಷ್ಟು ಸರಳವಾದ ಐಡಿಯಾ ಹಾಗಾದ್ರೆ ಮೊದಲೇ ಯಾಕೆ ಎಲ್ಲ ಕಾರಿಗೂ ಬರಲಿಲ್ಲ? ಬಂದಿತ್ತು. ಬಂದು ಸೋತಿತ್ತು. ಆ ಕತೆ ಅಮೆರಿಕದ್ದು.

1973ರಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹಾಕಿದ್ವು. ಅಮೆರಿಕದ ಬಂಕ್‌ಗಳ ಮುಂದೆ ಕ್ಯೂ. 1975ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ತಂತು: ಪ್ರತಿ ಕಂಪನಿ ಮಾರೋ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಲೇಬೇಕು, ಇಲ್ಲಾಂದ್ರೆ ದಂಡ. 1978ಕ್ಕೆ ಗ್ಯಾಲನ್‌ಗೆ 18 ಮೈಲಿ, 1985ಕ್ಕೆ 27.5 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಸುಮಾರು 7.6 ಕಿ.ಮೀ.ಯಿಂದ 11.7 ಕಿ.ಮೀ.ಗೆ ಏರಬೇಕು. ನಮಗೆ ನಗು ಬರಬಹುದು. ಆದ್ರೆ ಹಡಗಿನಷ್ಟು ದೊಡ್ಡ ಕಾರು ಮಾಡ್ತಿದ್ದ ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್‌ಗೆ ಅದು ನಗೋ ವಿಷಯ ಆಗಿರಲಿಲ್ಲ. ಗಿರಾಕಿಗೆ ದೊಡ್ಡ ಎಂಜಿನ್ ಬೇಕು, ಸರ್ಕಾರಕ್ಕೆ ಚಿಕ್ಕ ಎಂಜಿನ್‌ನ ಮೈಲೇಜ್ ಬೇಕು.

1981ರ ಮಾಡೆಲ್‌ಗಳಿಗೆ ಕ್ಯಾಡಿಲಾಕ್ ತಂದ ಉತ್ತರದ ಹೆಸರು ವಿ8-6-4. ಈಟನ್ ಕಂಪನಿ ಜೊತೆ ಸೇರಿ ಮಾಡಿದ್ದು. 6 ಲೀಟರ್, ಎಂಟು ಸಿಲಿಂಡರ್. ಲೋಡ್ ಕಮ್ಮಿ ಆದಾಗ ಆರು, ಇನ್ನೂ ಕಮ್ಮಿ ಆದಾಗ ನಾಲ್ಕು. ಸೊಲೆನಾಯ್ಡ್‌ಗಳು ವಾಲ್ವ್ ಒತ್ತೋ ತೋಳನ್ನ ನಿಷ್ಕ್ರಿಯ ಮಾಡ್ತಿದ್ವು. ಎಷ್ಟು ಸಿಲಿಂಡರ್ ಕೆಲಸ ಮಾಡ್ತಿದೆ ಅಂತ ಡ್ಯಾಶ್‌ಬೋರ್ಡ್‌ನಲ್ಲಿ ಡಿಜಿಟಲ್ ಸಂಖ್ಯೆ ಬೇರೆ ಬರ್ತಿತ್ತು. ಒಂದು ವಿಷಯ ಗಮನಿಸಿ: ಆ 6 ಲೀಟರ್ ಎಂಜಿನ್ ಕೊಡ್ತಿದ್ದದ್ದು ಸುಮಾರು 140 ಹಾರ್ಸ್‌ಪವರ್. ಇವತ್ತಿನ 1.5 ಲೀಟರ್ ಟರ್ಬೊ ಅದಕ್ಕಿಂತ ಹೆಚ್ಚು ಕೊಡುತ್ತೆ. ಎಂಜಿನ್ ಲೋಕ 40 ವರ್ಷದಲ್ಲಿ ಎಷ್ಟು ದೂರ ಬಂದಿದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಕ್ಯಾಡಿಲಾಕ್‌ನ ಐಡಿಯಾ ಸರಿಯಾಗಿತ್ತು. ಸೋತಿದ್ದು ಅದರ ತಲೆ. ಯಾವಾಗ ಎಂಟು, ಯಾವಾಗ ನಾಲ್ಕು ಅಂತ ನಿರ್ಧಾರ ಮಾಡಬೇಕಾದ ಕಂಪ್ಯೂಟರ್ 1981ರದ್ದು. ಅದಕ್ಕೆ ವೇಗ ಸಾಲಲಿಲ್ಲ. ಕಾರು ಜರ್ಕ್ ಹೊಡೀತಿತ್ತು, ಕೆಲವೊಮ್ಮೆ ನಿಂತೇಹೋಗ್ತಿತ್ತು. ಎಷ್ಟೋ ಮಾಲೀಕರು ಗ್ಯಾರೇಜಿಗೆ ಹೋಗಿ ಆ ವ್ಯವಸ್ಥೆಯ ವೈರನ್ನೇ ಕಳಚಿಸಿ, ಯಾವಾಗಲೂ ಎಂಟರಲ್ಲೇ ಓಡಿಸಿದ್ರು. ಸಾಮಾನ್ಯ ಕಾರುಗಳಲ್ಲಿ ಒಂದೇ ವರ್ಷಕ್ಕೆ ಅದರ ಕತೆ ಮುಗೀತು, ಲಿಮೋಸಿನ್‌ಗಳಲ್ಲಿ ಮಾತ್ರ ಇನ್ನೂ ಸ್ವಲ್ಪ ಕಾಲ ಉಳೀತು. 1982ರಲ್ಲಿ ಜಪಾನಿನ ಮಿತ್ಸುಬಿಷಿ 1.4 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲೂ ಇದನ್ನ ಮಾಡಿ ನೋಡಿತು, ಅದೂ ಜನಪ್ರಿಯ ಆಗಲಿಲ್ಲ.

ಅಲ್ಲಿಂದ ಸುಮಾರು 20 ವರ್ಷ ಕಾದ ಮೇಲೆ ಕಂಪ್ಯೂಟರ್ ಈ ಐಡಿಯಾಗೆ ಸಮ ಬಂತು. 2000ದ ದಶಕದ ಮಧ್ಯದಲ್ಲಿ ಕ್ರೈಸ್ಲರ್, ಜನರಲ್ ಮೋಟರ್ಸ್, ಹೋಂಡಾ ಮೂರೂ ತಮ್ಮ ದೊಡ್ಡ ಎಂಜಿನ್‌ಗಳಲ್ಲಿ ಇದನ್ನ ತಂದ್ವು. 2012ರಲ್ಲಿ ಫೋಕ್ಸ್‌ವ್ಯಾಗನ್ 1.4 ಲೀಟರ್‌ನ ಚಿಕ್ಕ ಟರ್ಬೊ ಎಂಜಿನ್‌ಗೆ ತಂತು. ಅದರಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರ್ ಮಲಗುತ್ತೆ. ಬದಲಾವಣೆಗೆ ಬೇಕಾಗೋ ಸಮಯ, ಎಂಜಿನ್ ವೇಗಕ್ಕೆ ತಕ್ಕಂತೆ, 13ರಿಂದ 36 ಮಿಲಿಸೆಕೆಂಡ್. ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ 36 ಭಾಗ. ನೀವು ಕಣ್ಣು ಮಿಟುಕಿಸೋದರೊಳಗೆ ಮುಗಿದುಹೋಗಿರುತ್ತೆ.

ಯಾಕೆ ಎರಡು ಮತ್ತು ಮೂರೇ? ನಾಲ್ಕು ಸಿಲಿಂಡರ್‌ಗಳು ಉರಿಯೋ ಸರದಿ 1, 3, 4, 2. ಇದರಲ್ಲಿ 3 ಮತ್ತು 2 ತೆಗೆದ್ರೆ ಒಂದು ಉರಿ, ಒಂದು ಬಿಡುವು, ಒಂದು ಉರಿ, ಒಂದು ಬಿಡುವು. ತಾಳ ತಪ್ಪಲ್ಲ. ಅಕ್ಕಪಕ್ಕದ ಸರದಿಯ ಎರಡನ್ನ ತೆಗೆದಿದ್ರೆ ಕಾರು ಕುಂಟುತ್ತಿತ್ತು.

2018ರಲ್ಲಿ ಫೋರ್ಡ್ ಯುರೋಪಿನಲ್ಲಿ 1 ಲೀಟರ್‌ನ ಮೂರು ಸಿಲಿಂಡರ್ ಎಂಜಿನ್‌ನಲ್ಲೂ ಒಂದನ್ನ ಮಲಗಿಸಿ ತೋರಿಸ್ತು. ಬದಲಾವಣೆಗೆ 14 ಮಿಲಿಸೆಕೆಂಡ್, ಉಳಿತಾಯ ಶೇ 6ರವರೆಗೆ ಅಂತ ಕಂಪನಿ ಹೇಳಿತು. 2019ರ ಮಾಡೆಲ್ ಪಿಕಪ್‌ಗಳಲ್ಲಿ ಜನರಲ್ ಮೋಟರ್ಸ್ ಇನ್ನೂ ಮುಂದೆ ಹೋಯ್ತು. ಎಂಟು ಸಿಲಿಂಡರ್‌ಗಳಲ್ಲಿ ಯಾವುದನ್ನ ಬೇಕಾದ್ರೂ ಮಲಗಿಸಿ, ಒಟ್ಟು 17 ವಿನ್ಯಾಸಗಳಲ್ಲಿ ಓಡಿಸೋ ವ್ಯವಸ್ಥೆ. 1981ರಲ್ಲಿ ಮೂರು ಆಯ್ಕೆ ಸಂಭಾಳಿಸೋಕೆ ಒದ್ದಾಡಿದ ಕಂಪನಿಯೇ ಇದು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ತಂತ್ರಜ್ಞಾನ ನಿಜವಾಗಿ ಎಷ್ಟು ಉಳಿಸುತ್ತೆ ಅಂತ ತಿಳಿಯೋದು ಹೇಗೆ? ಅದೇ ಕಾರು, ಅದೇ ಎಂಜಿನ್, ಇದು ಮಾತ್ರ ಇಲ್ಲ ಅನ್ನೋ ಹಾಗೆ ಇದ್ರೆ ತಾನೇ ಹೋಲಿಸೋಕಾಗೋದು? 2021ರಲ್ಲಿ ಅಂಥ ಪರಿಸ್ಥಿತಿ ತಾನಾಗೇ ಬಂತು. ಜಗತ್ತಿನಾದ್ಯಂತ ಚಿಪ್ ಕೊರತೆ. ಮೊಬೈಲ್, ಲ್ಯಾಪ್‌ಟಾಪ್, ಕಾರು, ಎಲ್ಲದಕ್ಕೂ. ಜನರಲ್ ಮೋಟರ್ಸ್ ಆ ವರ್ಷ ಮಾರ್ಚ್‌ನಲ್ಲಿ ತನ್ನ ಕೆಲವು ಪಿಕಪ್‌ಗಳನ್ನ ಸಿಲಿಂಡರ್ ಮಲಗಿಸೋ ಮಾಡ್ಯೂಲ್ ಇಲ್ಲದೇ ತಯಾರಿಸ್ತೀವಿ ಅಂತ ಹೇಳಿತು. ಮೈಲೇಜ್ ಎಷ್ಟು ಕಮ್ಮಿ ಆಗುತ್ತೆ ಅಂತಲೂ ಹೇಳಿತು: ಗ್ಯಾಲನ್‌ಗೆ ಒಂದು ಮೈಲಿ. ಅಂಥ ಪಿಕಪ್‌ಗಳು ಕೊಡೋದೇ ಗ್ಯಾಲನ್‌ಗೆ 20ರ ಆಸುಪಾಸು. ಹಾಗಾದ್ರೆ ವ್ಯತ್ಯಾಸ ಹೆಚ್ಚುಕಮ್ಮಿ ಶೇ 5.

ಫೋರ್ಡ್ "ಶೇ 6ರವರೆಗೆ" ಅಂದಿದ್ದು, ಜನರಲ್ ಮೋಟರ್ಸ್‌ನ ಒಂದು ಮೈಲಿ, ಎರಡೂ ಒಂದೇ ಊರಿನ ಸುತ್ತ ಓಡಾಡ್ತಿವೆ. ಅದು 30 ಅಲ್ಲ, 50 ಅಲ್ಲ. ನೂರು ರೂಪಾಯಿ ಪೆಟ್ರೋಲ್‌ಗೆ ಐದಾರು ರೂಪಾಯಿ. ಲಕ್ಷಾಂತರ ಕಾರು ಮಾರೋ ಕಂಪನಿಗೆ, ಸರಾಸರಿ ಮೈಲೇಜ್ ಲೆಕ್ಕ ಒಪ್ಪಿಸಬೇಕಾದಾಗ, ಐದಾರು ಶೇಕಡಾ ದೊಡ್ಡ ಮೊತ್ತ. ದೇಶದ ತೈಲ ಆಮದಿಗೂ ದೊಡ್ಡದು. ಒಬ್ಬ ಗಿರಾಕಿಗೆ? ಅದನ್ನೇ ನಾವೀಗ ನೋಡಬೇಕಾಗಿರೋದು.

ನಮ್ಮ ಕಡೆ ಬರೋಣ. 2021ರಲ್ಲಿ ಬಂದ ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್, 2022ರಲ್ಲಿ ಬಂದ ಸ್ಲಾವಿಯಾ, ವರ್ಟಸ್, ಇವು ಪುಣೆ ಹತ್ತಿರದ ಚಾಕಣ್‌ನಲ್ಲಿ ತಯಾರಾಗೋ ಕಾರುಗಳು. ಇವುಗಳಲ್ಲಿ 1 ಲೀಟರ್‌ನ ಮೂರು ಸಿಲಿಂಡರ್ ಎಂಜಿನ್ ಒಂದು, 1.5 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್ ಇನ್ನೊಂದು. ಎರಡು ಸಿಲಿಂಡರ್ ಮಲಗೋ ವ್ಯವಸ್ಥೆ ಇರೋದು 1.5ರಲ್ಲಿ. ಎರಡರಲ್ಲಿ ಓಡ್ತಿರುವಾಗ ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸುತ್ತೆ. ಇದು ಯಾವ ಕಂಪನಿಯ ಜಾಹೀರಾತೂ ಅಲ್ಲ, ಹೆಸರು ಹೇಳದೆ ಲೆಕ್ಕ ಹಾಕಿದ್ರೆ ಅರ್ಥ ಆಗಲ್ಲ ಅಂತ ಹೇಳ್ತಿದೀನಿ.

ಈಗ ಪೇಪರ್, ಪೆನ್ ತಗೊಳ್ಳಿ. ಪೆಟ್ರೋಲ್ ಲೀಟರ್‌ಗೆ 100 ರೂಪಾಯಿ ಅಂತ ಇಟ್ಕೊಳ್ಳೋಣ, ಲೆಕ್ಕ ಸುಲಭ. ಚಿಕ್ಕ ಎಂಜಿನ್‌ಗೂ ದೊಡ್ಡದಕ್ಕೂ ಬೆಲೆ ವ್ಯತ್ಯಾಸ ಒಂದೂವರೆ ಲಕ್ಷ ಅಂತ ಇಟ್ಕೊಳ್ಳೋಣ. ನಿಮ್ಮ ಶೋರೂಂ ಕೊಟೇಶನ್‌ನಲ್ಲಿ ಬೇರೆ ಇರಬಹುದು, ಅದನ್ನ ಹಾಕ್ಕೊಳ್ಳಿ.

ಮೊದಲನೆಯವರು ತಿಂಗಳಿಗೆ 1,000 ಕಿ.ಮೀ. ಓಡಿಸ್ತಾರೆ, ಅರ್ಧ ಸಿಟಿ, ಅರ್ಧ ಹೈವೇ, ಮೈಲೇಜ್ 15. ತಿಂಗಳಿಗೆ ಸುಮಾರು 67 ಲೀಟರ್, 6,700 ರೂಪಾಯಿ. ಉದಾರವಾಗಿ ಶೇ 6 ಉಳೀತು ಅಂದ್ರೂ 400 ರೂಪಾಯಿ. ವರ್ಷಕ್ಕೆ 4,800. ಒಂದೂವರೆ ಲಕ್ಷ ವಾಪಸ್ ಬರೋಕೆ 31 ವರ್ಷ ಬೇಕು.

ಎರಡನೆಯವರು ಬೆಂಗಳೂರಿನ ಒಳಗೇ ತಿಂಗಳಿಗೆ 800 ಕಿ.ಮೀ. ಓಡಿಸ್ತಾರೆ, ಸಿಲ್ಕ್ ಬೋರ್ಡ್, ಹೆಬ್ಬಾಳ ದಾರಿ. ಮೈಲೇಜ್ 10. ತಿಂಗಳಿಗೆ 8,000 ರೂಪಾಯಿ ಪೆಟ್ರೋಲ್. ಆದ್ರೆ ನಿಂತು, ಎದ್ದು, ನಿಂತು ಹೋಗೋ ಕಡೆ ಈ ವ್ಯವಸ್ಥೆಗೆ ಕೆಲಸವೇ ಕಮ್ಮಿ. ಶೇ 2 ಅಂದುಕೊಂಡ್ರೆ ತಿಂಗಳಿಗೆ 160 ರೂಪಾಯಿ. ಎರಡು ಮಸಾಲೆ ದೋಸೆ, ಎರಡು ಕಾಫಿ.

ಮೂರನೆಯವರು ಕೆಲಸದ ಮೇಲೆ ವಾರವಾರವೂ ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಅಂತ ಹೈವೇಯಲ್ಲೇ ಇರ್ತಾರೆ. ತಿಂಗಳಿಗೆ 2,500 ಕಿ.ಮೀ. ಮೈಲೇಜ್ 15 ಅಂದ್ರೆ 16,700 ರೂಪಾಯಿ ಪೆಟ್ರೋಲ್. ಶೇ 6ಕ್ಕೆ ಸುಮಾರು 1,000 ರೂಪಾಯಿ. ವರ್ಷಕ್ಕೆ 12,000. ಇವರಿಗೂ ಹನ್ನೆರಡೂವರೆ ವರ್ಷ.

ಇನ್ನು ಲೋನ್ ಸೇರಿಸಿ. ಒಂದೂವರೆ ಲಕ್ಷ ಹೆಚ್ಚುವರಿ ಸಾಲ, ಶೇ 9 ಬಡ್ಡಿ, ಐದು ವರ್ಷ. ಇಎಂಐಗೆ ತಿಂಗಳಿಗೆ ಸುಮಾರು 3,100 ರೂಪಾಯಿ ಸೇರುತ್ತೆ. ಬಡ್ಡಿಯೇ ಒಟ್ಟು 37,000 ಹತ್ತಿರ. ಒಂದು ಕಡೆ ತಿಂಗಳಿಗೆ 400 ಉಳಿಸೋಕೆ ಇನ್ನೊಂದು ಕಡೆ 3,100 ಕಟ್ಟೋದು. ಯಾವ ಲೆಡ್ಜರ್‌ನಲ್ಲೂ ಇದು ಉಳಿತಾಯದ ಕಾಲಂಗೆ ಹೋಗಲ್ಲ.

ಹಾಗಾದ್ರೆ 1.5 ಲೀಟರ್ ತಗೊಳ್ಳೋದು ದಡ್ಡತನವಾ? ಖಂಡಿತ ಅಲ್ಲ. ಆ ಒಂದೂವರೆ ಲಕ್ಷಕ್ಕೆ ನಿಮಗೆ ಸಿಗೋದು ಹೆಚ್ಚು ಶಕ್ತಿ. ಐದು ಜನ, ಫುಲ್ ಲಗೇಜ್, ಶಿರಾಡಿ ಘಾಟಿಯಲ್ಲಿ ಲಾರಿ ದಾಟಬೇಕಾದಾಗ ಅದಕ್ಕೆ ಬೆಲೆ ಇದೆ. ಆ ಶಕ್ತಿ ಬೇಕು ಅಂತ ತೀರ್ಮಾನ ಮಾಡಿದವರಿಗೆ, ಬೇಡದ ಹೊತ್ತಲ್ಲಿ ಎರಡು ಸಿಲಿಂಡರ್ ಮಲಗೋದು ಒಳ್ಳೆಯದೇ. ದೊಡ್ಡ ಎಂಜಿನ್ ಸಾಕೋ ಖರ್ಚನ್ನ ಅದು ಸ್ವಲ್ಪ ಇಳಿಸುತ್ತೆ. ಆದ್ರೆ ಶಕ್ತಿಗೆ ಕೊಟ್ಟ ದುಡ್ಡನ್ನ ಶಕ್ತಿಯ ಖಾತೆಗೆ ಬರೀರಿ. "ಮೈಲೇಜಿಗೋಸ್ಕರ ದೊಡ್ಡ ಎಂಜಿನ್ ತಗೊಂಡೆ" ಅಂತ ಮನೆಯಲ್ಲಿ ಹೇಳ್ಬೇಡಿ, ಲೆಕ್ಕ ಗೊತ್ತಿರೋ ಅಮ್ಮಂದಿರು ನಂಬಲ್ಲ.

ಇನ್ನೊಂದು ವಿಷಯ. ಇದು ಎಲ್ಲಿ ಕೆಲಸ ಮಾಡುತ್ತೆ, ಎಲ್ಲಿ ಮಾಡಲ್ಲ ಅಂತ ಗೊತ್ತಿರಲಿ. ಎಂಜಿನ್ ಬಿಸಿಯಾಗಿರಬೇಕು, ಲೋಡ್ ಕಮ್ಮಿ ಇರಬೇಕು, ಕಾಲು ಒಂದೇ ಸಮನೆ ಇರಬೇಕು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ, ತುಮಕೂರಿನ ಆಚೆಯ ಹೈವೇಯಲ್ಲಿ ಮಿತಿಯೊಳಗಿನ ವೇಗದಲ್ಲಿ ಹೋಗ್ತಿದ್ರೆ ಆಗಾಗ ಎರಡಕ್ಕೆ ಇಳಿಯುತ್ತೆ. ಏರು ಬಂತು, ಎದುರು ಗಾಳಿ ಜೋರಾಯ್ತು, ಓವರ್‌ಟೇಕ್‌ಗೆ ತುಳಿದ್ರಿ, ನಾಲ್ಕೂ ಎದ್ದುಬಿಡುತ್ತೆ. ಸಿಟಿ ಟ್ರಾಫಿಕ್ಕಿಗೆ ಬೇರೆ ಮದ್ದಿದೆ, ಅದು ಹೈಬ್ರಿಡ್. ಸ್ಟ್ರಾಂಗ್ ಹೈಬ್ರಿಡ್ ಕಾರು ಎಂಜಿನ್ನನ್ನ ಪೂರ್ತಿಯೇ ಆಫ್ ಮಾಡಿ ಮೋಟರ್‌ನಲ್ಲಿ ಸಾಗುತ್ತೆ, ಬ್ರೇಕ್ ಹಾಕಿದಾಗ ಶಕ್ತಿಯನ್ನ ಬ್ಯಾಟರಿಗೆ ವಾಪಸ್ ತುಂಬುತ್ತೆ. ಅದರ ಬೆಲೆ ಬೇರೆ, ಅದರ ಲೆಕ್ಕ ಇನ್ನೊಂದು ಸಂಚಿಕೆಗೆ.

ನಮ್ಮ ದೇಶದಲ್ಲಿ ಈ ತಂತ್ರಜ್ಞಾನ ಕೆಲವೇ ಕಾರುಗಳಲ್ಲಿ ಇರೋದಕ್ಕೂ ಒಂದು ಕಾಮರ್ಸ್ ಕಾರಣ ಇದೆ. 4 ಮೀಟರ್ ಒಳಗಿನ ಉದ್ದ, 1,200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇದ್ರೆ ತೆರಿಗೆ ಕಮ್ಮಿ. 2025ರ ಸೆಪ್ಟೆಂಬರ್ 22ರಿಂದ ಅಂಥ ಕಾರಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ಹಾಗಾಗಿ ನಮ್ಮಲ್ಲಿ ಹೆಚ್ಚಿನ ಕಾರುಗಳ ಎಂಜಿನ್ ಮೊದಲೇ ಚಿಕ್ಕದು. ಅಮೆರಿಕದವರು ಎಂಟು ಕಾವಲಿ ಕೊಂಡು ನಾಲ್ಕನ್ನ ಆರಿಸೋದು ಕಲಿತ್ರು, ನಾವು ಮೊದಲೇ ಮೂರು ಕಾವಲಿಯ ಹೋಟೆಲ್ ಇಟ್ಟಿದೀವಿ. ಮಲಗಿಸೋಕೆ ಮಿಕ್ಕಿರೋದೇ ಕಮ್ಮಿ.

ಇಷ್ಟೆಲ್ಲ ಆದ ಮೇಲೆ ಬಾಳಿಕೆಯ ಮಾತು. ಹೊಸ ಭಾಗ ಸೇರಿದಷ್ಟೂ ಕೆಡೋದಕ್ಕೆ ಹೊಸ ಜಾಗ. ಅಮೆರಿಕದಲ್ಲಿ ಹೋಂಡಾದ ಕೆಲವು ವಿ6 ಕಾರುಗಳಲ್ಲಿ ಆಯಿಲ್ ಜಾಸ್ತಿ ಸುಡುತ್ತೆ, ಸ್ಪಾರ್ಕ್ ಪ್ಲಗ್ ಹಾಳಾಗುತ್ತೆ ಅಂತ ಮಾಲೀಕರು ಸಾಮೂಹಿಕ ಮೊಕದ್ದಮೆ ಹಾಕಿ, 2013ರಲ್ಲಿ ಕಂಪನಿ ವಾರಂಟಿ ವಿಸ್ತರಿಸೋ ಒಪ್ಪಂದಕ್ಕೆ ಬಂತು. ಜನರಲ್ ಮೋಟರ್ಸ್ ವ್ಯವಸ್ಥೆಯಲ್ಲಿ ವಾಲ್ವ್ ಮಲಗಿಸೋ ಲಿಫ್ಟರ್‌ಗಳು ಎಂಜಿನ್ ಆಯಿಲ್‌ನ ಒತ್ತಡದಿಂದ ಕೆಲಸ ಮಾಡ್ತವೆ, ಹಾಗಾಗಿ ಅಲ್ಲಿ ಆಯಿಲ್ ಅಂದ್ರೆ ಆ ಯಂತ್ರದ ಒಂದು ಭಾಗವೇ. ಫೋಕ್ಸ್‌ವ್ಯಾಗನ್ ವಿಧಾನ ಬೇರೆ, ಅದರಲ್ಲಿ ವಿದ್ಯುತ್ ಪಿನ್ ಇಳಿದು ಕ್ಯಾಮ್ ತೋಳನ್ನ ಪಕ್ಕಕ್ಕೆ ಸರಿಸುತ್ತೆ. ಎಲ್ಲ ಕಂಪನಿಯದೂ ಒಂದೇ ಅಲ್ಲ. ನೀವು ಸೆಕೆಂಡ್ ಹ್ಯಾಂಡ್ ತಗೊಳ್ತಿದ್ರೆ ಸರ್ವಿಸ್ ದಾಖಲೆ ಕೇಳಿ. ಆಯಿಲ್ ಸರಿಯಾದ ಗ್ರೇಡ್‌ನದು, ಸರಿಯಾದ ಸಮಯಕ್ಕೆ ಬದಲಾಗಿದೆಯಾ ನೋಡಿ. ಟೆಸ್ಟ್ ಡ್ರೈವ್‌ನಲ್ಲಿ ಹದವಾದ ವೇಗದಲ್ಲಿ ಹೋಗಿ, ಎರಡಕ್ಕೆ ಇಳಿದು ನಾಲ್ಕಕ್ಕೆ ಏರುವಾಗ ಜರ್ಕ್ ಇದೆಯಾ ಗಮನಿಸಿ. ಸರಿಯಾಗಿದ್ರೆ ನಿಮಗೆ ಗೊತ್ತಾಗೋದೇ ಕಷ್ಟ.

ಈ ವ್ಯವಸ್ಥೆ ಇಲ್ಲದ ಕಾರು, ಅಂದ್ರೆ ನಮ್ಮಲ್ಲಿ ಬಹುಪಾಲು ಜನರ ಕಾರು ಇದ್ರೂ ಇದೇ ಪಾಠದಿಂದ ಉಪಯೋಗ ಇದೆ. ಒಂದು, ಸಾಧ್ಯವಾದಷ್ಟು ಮೇಲಿನ ಗೇರ್‌ನಲ್ಲಿ, ಎಂಜಿನ್ ಒದ್ದಾಡದ ಹಾಗೆ ಓಡಿಸಿ. ಎಂಜಿನ್ ನಿಧಾನ ತಿರುಗಿ ಅಷ್ಟೇ ಕೆಲಸ ಮಾಡ್ಬೇಕಾದಾಗ ಥ್ರಾಟಲ್ ಹೆಚ್ಚು ತೆರೆಯುತ್ತೆ, ಸ್ಟ್ರಾ ಮೇಲಿನ ಬೆರಳು ಸಡಿಲ ಆಗುತ್ತೆ. ಎರಡು, ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ಬೇಡಿ. ಫ್ಯೂಯಲ್ ಇಂಜೆಕ್ಷನ್ ಇರೋ ಕಾರು ಗೇರ್‌ನಲ್ಲಿದ್ದು, ನೀವು ಕಾಲು ತೆಗೆದಾಗ ಸಾಮಾನ್ಯವಾಗಿ ಪೆಟ್ರೋಲ್ ಕಟ್ ಮಾಡುತ್ತೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಕುಡಿಯುತ್ತೆ, ಜೊತೆಗೆ ಎಂಜಿನ್ ಬ್ರೇಕಿಂಗ್ ಇಲ್ಲದೆ ಬ್ರೇಕ್ ಕಾಯುತ್ತೆ. ಚಾರ್ಮಾಡಿ ಇಳಿಯುವಾಗ ಇದು ಮೈಲೇಜ್ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಮೂರು, ಟೈರ್ ಗಾಳಿ. ಅದಕ್ಕೆ ಖರ್ಚು ಹೆಚ್ಚುಕಮ್ಮಿ ಸೊನ್ನೆ.

ಒಟ್ಟಿನಲ್ಲಿ ನನ್ನ ಉತ್ತರ ಇದು. ಸಿಲಿಂಡರ್ ಮಲಗಿಸೋದು ಮೋಸ ಅಲ್ಲ, ಮ್ಯಾಜಿಕ್ಕೂ ಅಲ್ಲ. ಖಾಲಿ ಕೂತ ಸಾಮರ್ಥ್ಯದ ಖರ್ಚನ್ನ ಇಳಿಸೋ ಒಳ್ಳೆ ವಿಧಾನ. ಆದ್ರೆ ಖಾಲಿ ಕೂರೋ ಸಾಮರ್ಥ್ಯವನ್ನ ಕೊಳ್ಳದೇ ಇರೋದು ಅದಕ್ಕಿಂತ ಅಗ್ಗ. ಶೋರೂಂಗೆ ಹೋಗೋ ಮುಂಚೆ ಕಳೆದ ಮೂರು ತಿಂಗಳಲ್ಲಿ ಎಷ್ಟು ಕಿ.ಮೀ. ಓಡಾಡಿದ್ರಿ, ಅದರಲ್ಲಿ ಹೈವೇ ಎಷ್ಟು, ಒಬ್ಬರೇ ಇದ್ದಿದ್ದು ಎಷ್ಟು ಸಲ ಅಂತ ಬರೆದುಕೊಳ್ಳಿ. ಆ ಚೀಟಿ ನೋಡಿದ್ರೆ ಯಾವ ಎಂಜಿನ್ ಬೇಕು ಅಂತ ಅದೇ ಹೇಳುತ್ತೆ.

ನಿಮ್ಮ ಲೆಕ್ಕ ಎಷ್ಟು ಬಂತು, ವಾಯ್ಸ್ ಮೆಸೇಜ್ ಕಳಿಸಿ. ಎರಡು ಸಿಲಿಂಡರ್ ಮಲಗೋ ಕಾರು ಈಗಾಗಲೇ ಇಟ್ಕೊಂಡಿರೋರು ಇದ್ರೆ, ಊರು, ದಾರಿ, ಮೈಲೇಜ್ ಮೂರನ್ನೂ ಹೇಳಿ, ಹೈಬ್ರಿಡ್ ಸಂಚಿಕೆಯಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ.